ಹಾಯಿದೋಣಿಯ ವಿದ್ಯುತ್ತು: ಬ್ಯಾಟರಿ, ಸೌರಫಲಕ, ಆಲ್ಟರ್ನೇಟರ್‌ಗಳಲ್ಲಿ ಯಾರಿಗೆ ಯಾವುದು ಹೊಂದುತ್ತದೆ

ಅಮೆರಿಕದ ಪೂರ್ವ ಕರಾವಳಿಯಲ್ಲಿ, ಚೆಸಪೀಕ್ ಕೊಲ್ಲಿಯ ಆಸುಪಾಸಿನಲ್ಲಿ ಹಾಯಿದೋಣಿ ಇಟ್ಟುಕೊಂಡವರಲ್ಲಿ ಅನೇಕರು ಚಳಿ ಶುರುವಾಗುವ ಹೊತ್ತಿಗೆ ದಕ್ಷಿಣಕ್ಕೆ ಹೊರಡುತ್ತಾರೆ. ನಾರ್ಫೋಕ್‌ನ ಸೊನ್ನೆ ಮೈಲಿಯಿಂದ ಆರಂಭವಾಗುವ ಒಳನಾಡಿನ ಜಲಮಾರ್ಗದಲ್ಲಿ ವಾರಗಟ್ಟಲೆ ಎಂಜಿನ್ ಓಡಿಸಿಕೊಂಡು ಫ್ಲಾರಿಡಾ ತಲುಪಿ, ಗಲ್ಫ್ ಸ್ಟ್ರೀಮ್ ಎಂಬ ಸಾಗರ ಪ್ರವಾಹ ದಾಟಿ, ಬಹಾಮಾಸ್‌ನ ಎಕ್ಸೂಮಾ ದ್ವೀಪಗಳ ನಡುವೆ ಲಂಗರು ಹಾಕಿ ಎರಡು ಮೂರು ತಿಂಗಳು ಕಳೆದು, ವಸಂತದಲ್ಲಿ ಹಿಂದಿರುಗುವುದು ಅವರ ವಾಡಿಕೆ. ನಮ್ಮ 36 ಅಡಿಯ ಹಳೆಯ ದೋಣಿಯೂ ಇದೇ ದಾರಿಯಲ್ಲಿ ಹೋಗಿಬರುತ್ತದೆ. ಈ ದಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ಬೇಸಿಗೆಯ ವಾರಾಂತ್ಯಗಳಲ್ಲಿ ದೋಣಿ ಕಟ್ಟೆಗೆ ಕಟ್ಟಿಕೊಂಡು ದಡದ ಕರೆಂಟಿನಲ್ಲಿರುತ್ತದೆ, ಜಲಮಾರ್ಗದಲ್ಲಿ ದಿನಕ್ಕೆ ಆರೇಳು ಗಂಟೆ ಎಂಜಿನ್ ಓಡುತ್ತದೆ, ಎಕ್ಸೂಮಾದಲ್ಲಿ ವಾರಗಟ್ಟಲೆ ಎಂಜಿನ್ ಮುಟ್ಟದೆ ಲಂಗರಿನಲ್ಲೇ ನಿಲ್ಲುತ್ತದೆ, ನಡುನಡುವೆ ಎರಡು ಮೂರು ದಿನ ಹಗಲಿರುಳು ತೆರೆದ ಸಮುದ್ರದಲ್ಲಿ ಹಾಯಿ ಬಿಟ್ಟು ಸಾಗುತ್ತದೆ. ಈ ನಾಲ್ಕು ಸ್ಥಿತಿಗಳಲ್ಲಿ ವಿದ್ಯುತ್ತಿನ ಹುಟ್ಟೂ ಖರ್ಚೂ ಬೇರೆಬೇರೆಯಾಗಿರುವುದರಿಂದ, ಒಂದು ಸ್ಥಿತಿಗೆ ಸರಿಯಾದ ಆಯ್ಕೆ ಇನ್ನೊಂದಕ್ಕೆ ದುಂದುವೆಚ್ಚವಾಗುತ್ತದೆ. ಯಾವ ಬ್ಯಾಟರಿ ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ವರ್ಷದಲ್ಲಿ ಎಷ್ಟು ರಾತ್ರಿ ಲಂಗರಿನಲ್ಲಿ ಕಳೆಯುತ್ತೀರಿ?

ಖರ್ಚಿನ ಲೆಕ್ಕ

ಲಂಗರಿನಲ್ಲಿ ನಿಂತ ಇಬ್ಬರ ದೋಣಿಯ ಒಂದು ದಿನದ ಖರ್ಚನ್ನು 12 ವೋಲ್ಟಿನ ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದಷ್ಟು) ಲೆಕ್ಕದಲ್ಲಿ ನೋಡೋಣ. ಉಷ್ಣವಲಯದಲ್ಲಿ ಫ್ರಿಜ್ಜಿನ ಕಂಪ್ರೆಸರ್ ಓಡುವಾಗ 4ರಿಂದ 5 ಆಂಪಿಯರ್ ಎಳೆಯುತ್ತದೆ ಮತ್ತು ದಿನದ ಅರ್ಧ ಭಾಗ ಓಡಿಯೇ ಇರುತ್ತದೆ. ಅಲ್ಲಿಗೇ ಸುಮಾರು 55 ಆಯಿತು. ಫೋನು ಮತ್ತು ಲ್ಯಾಪ್‌ಟಾಪ್‌ಗಳಿಗೆ 20, ಸ್ಟಾರ್‌ಲಿಂಕ್ ಮಿನಿ ಎಂಬ ಉಪಗ್ರಹ ಇಂಟರ್ನೆಟ್ ಸಾಧನವನ್ನು ಎಂಟು ಗಂಟೆ ಹಾಕಿದರೆ ಇನ್ನೊಂದು 20, ಒಳಗಿನ ಎಲ್‌ಇಡಿ ದೀಪಗಳು, ಫ್ಯಾನು, ನೀರಿನ ಪಂಪು, ರೇಡಿಯೊ ಮತ್ತು ರಾತ್ರಿಯ ಲಂಗರು ದೀಪ ಎಲ್ಲ ಸೇರಿ 25ರ ಆಸುಪಾಸು. ಒಟ್ಟು 120. ಸಮುದ್ರದಲ್ಲಿ ಸಾಗುವಾಗ ಚುಕ್ಕಾಣಿ ಹಿಡಿಯುವ ಆಟೋಪೈಲಟ್ ಒಂದೇ ಸರಾಸರಿ 4 ಆಂಪಿಯರ್‌ನಂತೆ ದಿನಕ್ಕೆ 96 ತಿನ್ನುತ್ತದೆ. ಚಾರ್ಟ್‌ಪ್ಲಾಟರ್, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್, ಉಪಕರಣಗಳು, ಸಂಚಾರ ದೀಪಗಳು ಸೇರಿದರೆ ದಿನದ ಖರ್ಚು 240ರವರೆಗೆ ಏರುತ್ತದೆ.

ಇವು ನಮ್ಮ ದೋಣಿಯ ಅಂಕಿಗಳು. ನಿಮ್ಮದನ್ನು ಊಹಿಸಬಾರದು, ಅಳೆಯಬೇಕು. ಬ್ಯಾಟರಿಯ ಋಣ ತುದಿಯಲ್ಲಿ ಕರೆಂಟನ್ನು ಅಳೆಯಲು ನೆರವಾಗುವ ಶಂಟ್ ಕೂರಿಸಿ, ಹೋಗುವ ಬರುವ ಪ್ರತಿ ಆಂಪಿಯರನ್ನು ಎಣಿಸುವ ಬ್ಯಾಟರಿ ಮಾನಿಟರ್ ಹಾಕಿಕೊಳ್ಳುವುದು ಇಡೀ ವ್ಯವಸ್ಥೆಯಲ್ಲೇ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಹೆಚ್ಚು ಫಲ ಕೊಡುವ ಬದಲಾವಣೆ. ದೋಣಿಯ ಎಲ್ಲ ಋಣ ತಂತಿಗಳೂ ಶಂಟಿನ ಹೊರಬದಿಗೇ ಬರಬೇಕು. ಒಂದೇ ಒಂದು ತಂತಿ ನೇರವಾಗಿ ಬ್ಯಾಟರಿಗೆ ಉಳಿದುಬಿಟ್ಟರೂ ಲೆಕ್ಕ ತಪ್ಪುತ್ತದೆ, ಮತ್ತು ತಪ್ಪು ಲೆಕ್ಕ ತೋರಿಸುವ ಮಾನಿಟರಿಗಿಂತ ಮಾನಿಟರ್ ಇಲ್ಲದಿರುವುದೇ ಮೇಲು.

ತಂತಿಗೆ ಮೊದಲ ಸರದಿ

ಬ್ಯಾಟರಿಗಳ ಹೋಲಿಕೆಗೆ ಹೋಗುವ ಮುನ್ನ ಇದನ್ನು ಹೇಳಲೇಬೇಕು, ಏಕೆಂದರೆ ನಾವು ಇದನ್ನು ದುಬಾರಿಯಾಗಿ ಕಲಿತೆವು. ಎಕ್ಸೂಮಾದಲ್ಲಿ ಮೊದಲ ಚಳಿಗಾಲ ನಮ್ಮ ಫ್ರಿಜ್ಜು ದಿನವೂ ಬೆಳಗಿನ ಜಾವ ನಿಂತುಹೋಗುತ್ತಿತ್ತು. ಬ್ಯಾಟರಿ ಮುದಿಯಾಗಿದೆ ಎಂದು ತೀರ್ಮಾನಿಸಿ, ಹಿಂದಿರುಗಿದ ಮೇಲೆ ನಾಲ್ಕು ಹೊಸ ಬ್ಯಾಟರಿ ಹಾಕಿಸಿದೆವು. ಮರುವರ್ಷ ಅದೇ ದ್ವೀಪ, ಅದೇ ಜಾವ, ಅದೇ ಮೌನ. ಆಗ ಮಲ್ಟಿಮೀಟರ್ ಹಿಡಿದು, ಕಂಪ್ರೆಸರ್ ಓಡುತ್ತಿರುವಾಗಲೇ ಎರಡು ಕಡೆ ಅಳೆದೆ: ಬ್ಯಾಟರಿಯ ತುದಿಯಲ್ಲಿ 12.1 ವೋಲ್ಟ್, ಕಂಪ್ರೆಸರ್‌ನ ತುದಿಯಲ್ಲಿ 10.6. ಆ ಕಂಪ್ರೆಸರ್‌ನ ನಿಯಂತ್ರಕ 10.4 ವೋಲ್ಟಿಗೆ ಇಳಿದ ಕೂಡಲೇ ನಿಲ್ಲುವಂತೆ ಹೊಂದಿಸಿದ್ದು. ದಾರಿಯಲ್ಲೇ ಒಂದೂವರೆ ವೋಲ್ಟು ಸೋರಿಹೋಗುತ್ತಿತ್ತು. ಅಡುಗೆ ಕಟ್ಟೆಯ ಹಿಂದೆ ಕೈ ತೂರಿಸಿ ತಂತಿ ಎಳೆದು ನೋಡಿದರೆ, ದೋಣಿಯ ಹಿಂದಿನ ಮಾಲೀಕರು ಯಾರೋ ಟೇಪು ಸುತ್ತಿ ಹಾಕಿದ್ದ ಒಂದು ಜೋಡಣೆ ಸಿಕ್ಕಿತು. ಟೇಪು ಬಿಚ್ಚಿದಾಗ ಕೆಳಗಿದ್ದ ತಾಮ್ರ ಕಪ್ಪಾಗಿ, ಅಂಚಿನಲ್ಲಿ ಹಸಿರು ಪುಡಿ ಕಟ್ಟಿ, ಬೆರಳಿಗೆ ತಾಗಿದಲ್ಲೇ ಎಳೆಗಳು ಮುರಿದು ಉದುರಿದವು. ಅರ್ಧ ಅಡಿ ಹಿಂದಕ್ಕೆ ಸುಲಿದರೂ ಒಳಗೆ ಅದೇ ಕಪ್ಪು. 2 ಚದರ ಮಿಲಿಮೀಟರಿನ ಆ ತಂತಿಯ ಬದಲಿಗೆ ಕಲಾಯಿ ಮಾಡಿದ 5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ನಡುವೆ ಎಲ್ಲೂ ಜೋಡಣೆಯಿಲ್ಲದೆ ಎಳೆದ ಮೇಲೆ ನಷ್ಟ 0.2 ವೋಲ್ಟಿಗೆ ಇಳಿಯಿತು. ಫ್ರಿಜ್ಜು ಮತ್ತೆ ನಿಲ್ಲಲಿಲ್ಲ. ತೆಗೆದುಹಾಕಿದ ಆ ನಾಲ್ಕು ಬ್ಯಾಟರಿಗಳು ಬಹುಶಃ ಚೆನ್ನಾಗಿಯೇ ಇದ್ದವು ಎಂಬುದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಉಪ್ಪುಗಾಳಿಯಲ್ಲಿ ಬರಿಯ ತಾಮ್ರಕ್ಕೂ ಕಲಾಯಿ ತಾಮ್ರಕ್ಕೂ ಬೆಲೆಯಲ್ಲಿ ಇರುವ ವ್ಯತ್ಯಾಸ ಆಯಸ್ಸಿನಲ್ಲಿ ಇರುವ ವ್ಯತ್ಯಾಸದ ಮುಂದೆ ಏನೂ ಅಲ್ಲ. ಜೋಡಣೆಗೆ ಬರಿಯ ಬೆಸುಗೆಯನ್ನು ನೆಚ್ಚಬಾರದು. ಬೆಸುಗೆ ಹಾಕಿದ ಜಾಗದಲ್ಲಿ ತಂತಿ ಬಿರುಸಾಗಿ, ದೋಣಿಯ ಅಲುಗಾಟಕ್ಕೆ ಅದರ ಅಂಚಿನಲ್ಲೇ ತುಂಡಾಗುತ್ತದೆ. ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ (ಒತ್ತಿ ಬಿಗಿದು), ಒಳಗೆ ಅಂಟಿರುವ ಶಾಖಕ್ಕೆ ಕುಗ್ಗುವ ಕೊಳವೆಯಿಂದ ಮುಚ್ಚಬೇಕು. ಅನಾಪೊಲಿಸ್‌ನಲ್ಲಿ ಕಚೇರಿ ಇರುವ, ದೋಣಿಗಳಿಗೆ ಸುರಕ್ಷತಾ ಮಾನದಂಡ ರೂಪಿಸುವ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್‌ನ ಇ-11 ಮಾನದಂಡವು ಸಂಚಾರ ದೀಪಗಳು ಮತ್ತು ಮುಖ್ಯ ಫಲಕಕ್ಕೆ ಹೋಗುವ ತಂತಿಗಳಲ್ಲಿ ಶೇ. 3ಕ್ಕಿಂತ ಹೆಚ್ಚು, ಉಳಿದವುಗಳಲ್ಲಿ ಶೇ. 10ಕ್ಕಿಂತ ಹೆಚ್ಚು ವೋಲ್ಟೇಜ್ ನಷ್ಟವಾಗಬಾರದು ಎನ್ನುತ್ತದೆ. ಫ್ರಿಜ್ಜಿಗೂ ಆಟೋಪೈಲಟಿಗೂ ನಾನು ಶೇ. 3ನ್ನೇ ಪಾಲಿಸುತ್ತೇನೆ. ಈ ಮಾನದಂಡಗಳನ್ನು ಪಾಲಿಸಬೇಕೆಂಬ ಕಾನೂನಿಲ್ಲವಾದರೂ ದೋಣಿ ಪರಿಶೀಲಿಸುವ ಸರ್ವೇಯರುಗಳೂ ವಿಮೆಯವರೂ ನೋಡುವುದು ಇವನ್ನೇ.

ಬ್ಯಾಟರಿ: ಮೂರು ದಾರಿ

ಮನೆಯ ಯುಪಿಎಸ್ ಬ್ಯಾಟರಿಯ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕಿದ ಕೈಗಳಿಗೆ ನೀರು ತುಂಬುವ ಸೀಸ-ಆಮ್ಲದ ಬ್ಯಾಟರಿ ಹೊಸದೇನಲ್ಲ. ದೋಣಿಗಳಲ್ಲಿ ಇದರ ಅತ್ಯುತ್ತಮ ರೂಪ ಗಾಲ್ಫ್ ಗಾಡಿಗಳಿಗೆಂದು ತಯಾರಾಗುವ 6 ವೋಲ್ಟಿನ ಬ್ಯಾಟರಿ. ಟ್ರೋಜನ್ ಟಿ-105 ಈ ಬಗೆಯ ಹೆಸರಾಂತ ಮಾದರಿ: 225 ಆಂಪಿಯರ್-ಅವರ್, ಒಂದೊಂದೂ ಸುಮಾರು 28 ಕಿಲೋ. ನಾಲ್ಕನ್ನು ಜೋಡಿಸಿದರೆ 12 ವೋಲ್ಟಿನಲ್ಲಿ 450 ಆಂಪಿಯರ್-ಅವರ್ ಸಿಗುತ್ತದೆ, ತೂಕ 112 ಕಿಲೋ. ದಪ್ಪ ಫಲಕಗಳಿರುವುದರಿಂದ ಅರ್ಧದವರೆಗೆ ಖಾಲಿ ಮಾಡಿ ತುಂಬುವುದನ್ನು ಸಾವಿರದಷ್ಟು ಬಾರಿ ತಾಳಿಕೊಳ್ಳುತ್ತವೆ, ತಪ್ಪುಗಳನ್ನು ಕ್ಷಮಿಸುತ್ತವೆ, ಯಾವ ಸಣ್ಣ ಬಂದರಿನಲ್ಲೂ ಸಿಗುತ್ತವೆ, ಬೆಲೆಯೂ ಕಡಿಮೆ. ಪ್ರತಿಯಾಗಿ ತಿಂಗಳಿಗೊಮ್ಮೆ ನೀರು ನೋಡಬೇಕು, ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಹೊರಹೋಗಲು ಮೇಲ್ಗಡೆ ದಾರಿ ಇರಬೇಕು, ದೋಣಿ ವಾಲಿದಾಗ ಆಮ್ಲ ಚೆಲ್ಲದಂತೆ ಗಟ್ಟಿ ಪೆಟ್ಟಿಗೆಯಲ್ಲಿ ಕಟ್ಟಿರಬೇಕು.

ಎಜಿಎಂ ಕೂಡ ಸೀಸ-ಆಮ್ಲದ್ದೇ. ಆಮ್ಲವನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವುದರಿಂದ ಚೆಲ್ಲುವುದಿಲ್ಲ, ನೀರು ಬೇಡ, ಹೆಚ್ಚಿನ ಕರೆಂಟನ್ನು ಬೇಗ ಸ್ವೀಕರಿಸುತ್ತದೆ, ಮಲಗುವ ಬೆಂಚಿನ ಕೆಳಗೂ ಇಡಬಹುದು. ಆದರೆ ಲಂಗರಿನಲ್ಲಿ ತಿಂಗಳುಗಟ್ಟಲೆ ನಿಲ್ಲುವವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಸೀಸದ ಬ್ಯಾಟರಿ ಯಾವುದಾದರೂ ಆಗಾಗ ಪೂರ್ತಿ ತುಂಬದಿದ್ದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಗಾಲ್ಫ್ ಬ್ಯಾಟರಿಯಾದರೆ 15.5 ವೋಲ್ಟಿನ ಸುತ್ತ ಕೆಲವು ಗಂಟೆ ಗುಳ್ಳೆಯೇಳುವಂತೆ ಚಾರ್ಜ್ ಮಾಡಿ ಅದನ್ನು ಸ್ವಲ್ಪ ಮಟ್ಟಿಗೆ ಬಿಡಿಸಿ, ಕಳೆದ ನೀರನ್ನು ಮತ್ತೆ ತುಂಬಬಹುದು. ಮುಚ್ಚಿದ ಎಜಿಎಂಗಳಲ್ಲಿ ಹೆಚ್ಚಿನವುಗಳಿಗೆ ಈ ಚಿಕಿತ್ಸೆ ಇಲ್ಲ. ಮೂರು ಪಟ್ಟು ಹಣ ಕೊಟ್ಟು ತಂದ ಎಜಿಎಂ ಎರಡೇ ಚಳಿಗಾಲಕ್ಕೆ ಸತ್ತದ್ದನ್ನು ನಮ್ಮ ಪಕ್ಕದ ದೋಣಿಗಳಲ್ಲಿ ಕಂಡಿದ್ದೇನೆ. ದಡದ ಕರೆಂಟು ದಿನವೂ ಸಿಗುವ ದೋಣಿಗೆ, ಮತ್ತು ಎಂಜಿನ್ ಚಾಲೂ ಮಾಡುವ ಕೆಲಸಕ್ಕೆ ಮಾತ್ರ ಅದು ತಕ್ಕದ್ದು. ಜೆಲ್ ಬ್ಯಾಟರಿಯೂ ಇದೆ. ಆಯಸ್ಸು ಚೆನ್ನಾಗಿದೆಯಾದರೂ ಚಾರ್ಜಿಂಗ್ ವೋಲ್ಟೇಜ್ ಸ್ವಲ್ಪ ಮೀರಿದರೂ ಶಾಶ್ವತವಾಗಿ ಕೆಡುವುದರಿಂದ ಈಗ ಹೊಸದಾಗಿ ಅದನ್ನು ಹಾಕಿಸುವವರು ವಿರಳ.

ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್. ಕಾರು ಮತ್ತು ಫೋನುಗಳಲ್ಲಿ ಬಳಕೆಯಲ್ಲಿರುವ ಇತರ ಲಿಥಿಯಂ ಬ್ಯಾಟರಿಗಳೊಡನೆ ಇದನ್ನು ಬೆರೆಸಿ ಭಯಪಡುವವರಿದ್ದಾರೆ. ಇದರ ಧನಾಗ್ರದಲ್ಲಿ ಆಮ್ಲಜನಕವು ರಂಜಕದೊಡನೆ ಬಿಗಿಯಾಗಿ ಬೆಸೆದಿರುವುದರಿಂದ ಕಾದರೂ ಅದು ಸುಲಭವಾಗಿ ಬಿಡುಗಡೆಯಾಗುವುದಿಲ್ಲ, ಹಾಗಾಗಿ ಹೊತ್ತಿಕೊಳ್ಳುವ ಪ್ರವೃತ್ತಿ ಬಹಳ ಕಡಿಮೆ. ಈ ವಸ್ತುವನ್ನು ಲೋಕಕ್ಕೆ ಪರಿಚಯಿಸಿದ 1997ರ ಪ್ರಬಂಧ ಟೆಕ್ಸಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಎನಫ್ ಅವರ ಪ್ರಯೋಗಾಲಯದ್ದು. ಅದರ ಮೇಲಿನ ಹೆಸರುಗಳು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಎನಫ್. ನಡುವಿನ ಹೆಸರನ್ನು ಮೊದಲ ಬಾರಿ ಓದಿದಾಗ, ನಂಜನಗೂಡನ್ನು ಬಲ್ಲ ಯಾವ ಕನ್ನಡಿಗರಿಗೂ ಆಗುವ ಸಂತೋಷ ನನಗೂ ಆಯಿತು.

ಈಗ ನಿಜವಾದ ಹೋಲಿಕೆಗೆ ಬರೋಣ. ಹೆಸರಿಗೆ 450 ಆಂಪಿಯರ್-ಅವರ್ ಇರುವ ಗಾಲ್ಫ್ ಬ್ಯಾಟರಿಗಳಲ್ಲಿ ಲಂಗರಿನಲ್ಲಿ ದಿನವೂ ಬಳಕೆಗೆ ಸಿಗುವುದೆಷ್ಟು? ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕುಗ್ಗುತ್ತದೆ. ಮೇಲ್ಗಡೆ ಶೇ. 80 ದಾಟಿದ ಮೇಲೆ ಬ್ಯಾಟರಿ ಕರೆಂಟನ್ನು ಸ್ವೀಕರಿಸುವುದು ನಿಧಾನವಾಗುತ್ತ ಹೋಗಿ, ಕೊನೆಯ ಪಾಲು ತುಂಬಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಎಂಜಿನ್ ಓಡಿಸಿ ತುಂಬುವವರು ಯಾರೂ ಅಷ್ಟು ಹೊತ್ತು ಕಾಯುವುದಿಲ್ಲ, ಕಾಯಲೂಬಾರದು. ಹೊರೆಯಿಲ್ಲದೆ ಗಂಟೆಗಟ್ಟಲೆ ಓಡುವ ಡೀಸೆಲ್ ಎಂಜಿನ್ನಿನೊಳಗೆ ಮಸಿ ಕಟ್ಟುತ್ತದೆ. ಹಾಗಾಗಿ ಶೇ. 50 ಮತ್ತು 85ರ ನಡುವಿನ ಪಾಲು, ಅಂದರೆ ಸುಮಾರು 157 ಆಂಪಿಯರ್-ಅವರ್ ಮಾತ್ರ ಕೈಗೆಟುಕುವುದು. 300 ಆಂಪಿಯರ್-ಅವರ್‌ನ ಲಿಥಿಯಂನಲ್ಲಿ ಶೇ. 80ನ್ನು ಅಂಜಿಕೆಯಿಲ್ಲದೆ ಬಳಸಬಹುದಾದ್ದರಿಂದ 240 ಸಿಗುತ್ತದೆ, ತೂಕ 40 ಕಿಲೋಗಿಂತ ಕಡಿಮೆ. ತುಂಬುವಾಗ ಬಹುಮಟ್ಟಿಗೆ ಕೊನೆಯವರೆಗೂ ಪೂರ್ತಿ ಕರೆಂಟು ಸ್ವೀಕರಿಸುತ್ತದೆ. ಸೀಸದಲ್ಲಿ ಹಾಕಿದ ಶಕ್ತಿಯ ಶೇ. 15ರಿಂದ 20 ಶಾಖವಾಗಿ ಹೋದರೆ ಇದರಲ್ಲಿ ಹೋಗುವುದು ಶೇ. 5ರ ಆಸುಪಾಸು. ಅರ್ಧ ತುಂಬಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇದ್ದರೂ ಇದಕ್ಕೆ ಕೇಡಿಲ್ಲ, ಬದಲಿಗೆ ಹಿತ. ಲಂಗರಿನ ಬಾಳಿಗೆ ಈ ಕೊನೆಯ ಗುಣವೇ ಎಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ, ತೂಕ ಮತ್ತು ಆಯಸ್ಸಿನ ಮಾತು ಅನಂತರದ್ದು. ಬೆಲೆ ಇಳಿದಿರುವುದರಿಂದ, ಬಳಕೆಗೆ ಸಿಗುವ ಆಂಪಿಯರ್-ಅವರ್‌ನ ಲೆಕ್ಕದಲ್ಲಿ ಲಂಗರಿನಲ್ಲಿ ನಿಲ್ಲುವವರು ಈಗ ಎಜಿಎಂ ಆರಿಸಲು ಕಾರಣವೇ ಉಳಿದಿಲ್ಲ.

ಲಿಥಿಯಂ ಕೇಳುವ ಬದಲಾವಣೆಗಳು

ಆದರೆ ಹಳೆಯ ಬ್ಯಾಟರಿ ಎತ್ತಿ ಅದೇ ಜಾಗದಲ್ಲಿ ಲಿಥಿಯಂ ಇಟ್ಟರೆ ಸಾಕು ಎಂಬ ಜಾಹೀರಾತನ್ನು ನಂಬಿ ಕೆಟ್ಟವರು ಬಹಳ. ಮೊದಲ ತೊಂದರೆ, ಎಂಜಿನ್ನಿನ ಬಲದಿಂದ ತಿರುಗಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರಿನದು. ಸಣ್ಣ ಡೀಸೆಲ್ ಎಂಜಿನ್ನಿನ ಜೊತೆಗೆ ಬರುವ 80 ಆಂಪಿಯರಿನ ಆಲ್ಟರ್ನೇಟರ್, ಸೀಸದ ಬ್ಯಾಟರಿ ತುಂಬುತ್ತಿದ್ದಂತೆ ಕರೆಂಟು ತಾನೇ ಇಳಿಯುವುದೆಂಬ ನಂಬಿಕೆಯಲ್ಲಿ ತಯಾರಾದದ್ದು. ಲಿಥಿಯಂ ಗಂಟೆಗಟ್ಟಲೆ ಪೂರ್ತಿ ಎಳೆಯುತ್ತದೆ. ಎಂಜಿನ್ ನಿಧಾನವಾಗಿದ್ದಾಗ ಆಲ್ಟರ್ನೇಟರಿನ ಫ್ಯಾನೂ ನಿಧಾನವಾಗಿರುವುದರಿಂದ ಸುರುಳಿಗಳು ಸುಟ್ಟುಹೋಗುತ್ತವೆ. ಎರಡನೆಯದು, ಬ್ಯಾಟರಿಯೊಳಗಿನ ರಕ್ಷಣಾ ಮಂಡಲವಾದ ಬಿಎಂಎಸ್ ಯಾವುದೋ ಕಾರಣಕ್ಕೆ ಒಮ್ಮೆಲೇ ಸಂಪರ್ಕ ಕಡಿದರೆ, ಓಡುತ್ತಿರುವ ಆಲ್ಟರ್ನೇಟರಿನ ವೋಲ್ಟೇಜ್ ಚಿಮ್ಮಿ ಅದರ ಡಯೋಡುಗಳನ್ನೂ ಕೆಲವೊಮ್ಮೆ ಉಪಕರಣಗಳನ್ನೂ ಕೊಲ್ಲುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಆಲ್ಟರ್ನೇಟರನ್ನು ಹಾಗೆಯೇ ಎಂಜಿನ್ ಚಾಲೂ ಮಾಡುವ ಸೀಸದ ಬ್ಯಾಟರಿಗೆ ಬಿಟ್ಟು, ಅಲ್ಲಿಂದ ಲಿಥಿಯಂಗೆ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕುವುದು ಒಂದು. ಅದು 30ಕ್ಕಿಂತ ಹೆಚ್ಚು ಹರಿಯಲು ಬಿಡುವುದಿಲ್ಲ, ಮತ್ತು ಲಿಥಿಯಂ ಕಡಿದುಕೊಂಡರೂ ಆಲ್ಟರ್ನೇಟರಿಗೆ ಸೀಸದ ಬ್ಯಾಟರಿಯ ಆಸರೆ ಉಳಿಯುತ್ತದೆ. ಎರಡನೆಯದು, ಹೊರಗಿನ ರೆಗ್ಯುಲೇಟರ್ ಮತ್ತು ತಾಪಮಾನ ಸಂವೇದಕಗಳಿರುವ, 100 ಆಂಪಿಯರ್ ಮೀರಿದ ಹೊಸ ಆಲ್ಟರ್ನೇಟರ್. ಬಾಲ್ಮಾರ್ ಮತ್ತು ವೇಕ್‌ಸ್ಪೀಡ್ ಇಂಥ ರೆಗ್ಯುಲೇಟರುಗಳಿಗೆ ಹೆಸರಾಗಿವೆ. ಇದು ಒಂದು ಗಂಟೆಯಲ್ಲಿ ದಿನದ ಖರ್ಚಿನ ಬಹುಪಾಲನ್ನು ತುಂಬಬಲ್ಲದು. ಆದರೆ ಒಂಟಿ ವಿ-ಬೆಲ್ಟು ಅಷ್ಟು ಹೊರೆ ತಾಳದೆ ಕರಿ ಪುಡಿ ಉದುರಿಸುವುದರಿಂದ ಪುಲ್ಲಿಗಳನ್ನೇ ಬದಲಿಸಿ ಅಗಲದ ಸರ್ಪೆಂಟೈನ್ ಬೆಲ್ಟು ಹಾಕಬೇಕು, ಖರ್ಚು ಹಲವು ಪಟ್ಟು ಏರುತ್ತದೆ. ನಮ್ಮ ದಾರಿಗೆ ಮೊದಲನೆಯದೇ ಸಾಕಾಯಿತು: ಜಲಮಾರ್ಗದಲ್ಲಿ ದಿನಕ್ಕೆ ಏಳು ಗಂಟೆ ಎಂಜಿನ್ ಓಡಿದರೆ 30 ಆಂಪಿಯರಿನಂತೆ 210 ಆಯಿತು, ಖರ್ಚಿಗೆ ಮಿಕ್ಕಿ ಉಳಿಯುತ್ತದೆ. ಬಿಸಿಲಿಲ್ಲದ ಊರಿನಲ್ಲಿ ಲಂಗರು ಹಾಕಿ, ಎಂಜಿನ್ನನ್ನು ಚಾರ್ಜಿಂಗಿಗೆಂದೇ ಓಡಿಸಬೇಕಾದವರಿಗೆ ಎರಡನೆಯದರ ಖರ್ಚು ಸಾರ್ಥಕ.

ಫ್ಯೂಸಿನ ಬಗ್ಗೆ ಯಾವ ರಾಜಿಯೂ ಸಲ್ಲದು. ಶಾರ್ಟ್ ಆದ ಲಿಥಿಯಂ ಬ್ಯಾಟರಿ ಕ್ಷಣಮಾತ್ರದಲ್ಲಿ ಹಲವು ಸಾವಿರ ಆಂಪಿಯರ್ ಹರಿಸಬಲ್ಲದು. ಸಾಮಾನ್ಯ ಎಎನ್‌ಎಲ್ ಫ್ಯೂಸು 6,000 ಆಂಪಿಯರ್‌ವರೆಗೆ ಮಾತ್ರ ಹರಿವನ್ನು ಸುರಕ್ಷಿತವಾಗಿ ಕಡಿಯಬಲ್ಲದು. ಅದಕ್ಕಿಂತ ಹೆಚ್ಚಾದರೆ ಫ್ಯೂಸು ಕರಗಿದರೂ ಅದರೊಳಗೆ ಕಿಡಿಯ ಸೇತುವೆ ಉಳಿದು ಕರೆಂಟು ಹರಿಯುತ್ತಲೇ ಇರುತ್ತದೆ. ಕ್ಲಾಸ್-ಟಿ ಫ್ಯೂಸಿನ ಮಿತಿ 20,000. ಲಿಥಿಯಂನ ಧನ ತುದಿಗೆ ಆದಷ್ಟು ಹತ್ತಿರದಲ್ಲಿ ಅದನ್ನೇ ಹಾಕಬೇಕು.

ಲಿಥಿಯಂ ಬ್ಯಾಟರಿಗಳಿಗೆಂದೇ, ಹಿಂದೆ ಹೇಳಿದ ಬೋಟ್ ಅಂಡ್ ಯಾಟ್ ಕೌನ್ಸಿಲ್ 2022ರಲ್ಲಿ ಇ-13 ಎಂಬ ಮಾನದಂಡ ಹೊರಡಿಸಿತು. ಸಂಪರ್ಕ ಕಡಿಯುವ ಮುನ್ನ ಬಿಎಂಎಸ್ ದೋಣಿಯವರನ್ನು ಎಚ್ಚರಿಸಬೇಕೆಂಬುದು ಅದರ ಆಶಯಗಳಲ್ಲೊಂದು. ರಾತ್ರಿ ಎರಡು ಗಂಟೆಗೆ, ಹಡಗುಗಳ ದಾರಿಯ ನಡುವೆ, ಸಂಚಾರ ದೀಪ, ಆಟೋಪೈಲಟ್, ರೇಡಿಯೊ ಮೂರೂ ಒಂದೇ ಕ್ಷಣಕ್ಕೆ ಆರಿಹೋದರೆ ಏನಾಗುತ್ತದೆಂದು ಯೋಚಿಸಿದವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ. ಅಗ್ಗದ ಬ್ಯಾಟರಿಗಳಲ್ಲಿ ಹೆಚ್ಚಿನವು ಹೊರಗಿನ ಯಾವ ಉಪಕರಣದೊಡನೆಯೂ ಮಾತನಾಡುವುದಿಲ್ಲ. ಅಂಥವನ್ನೇ ಕೊಳ್ಳುವುದಾದರೆ ಒಂದರ ಬದಲು ಮೂರು ಪ್ರತ್ಯೇಕ ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸಿ, ಒಂದು ಕೈಕೊಟ್ಟರೂ ಎರಡು ಉಳಿಯುವಂತೆ ಮಾಡುವುದು ಮತ್ತು ಶಂಟ್ ಮಾನಿಟರಿನ ಎಚ್ಚರಿಕೆ ಗಂಟೆಯನ್ನು ಮುಂಚಿತವಾಗಿಯೇ ಬಾರಿಸುವಂತೆ ಹೊಂದಿಸುವುದು ಕನಿಷ್ಠ ಎಚ್ಚರ. ಮಾನಿಟರ್ ಇಲ್ಲಿ ಇನ್ನೊಂದು ಕಾರಣಕ್ಕೂ ಅನಿವಾರ್ಯ. ಸೀಸದ ಬ್ಯಾಟರಿ ತುಂಬಿದಾಗ 12.7, ಅರ್ಧವಾದಾಗ 12.2 ವೋಲ್ಟು ತೋರಿಸಿ ತನ್ನ ಹೊಟ್ಟೆಯ ಸ್ಥಿತಿ ಹೇಳುತ್ತದೆ. ಲಿಥಿಯಂ ಮಾತ್ರ ಬಹುಪಾಲು ಹೊತ್ತು 13.2ರ ಸುತ್ತಲೇ ನಿಂತಿದ್ದು, ಖಾಲಿಯಾಗುವ ಹೊತ್ತಿಗೆ ಒಮ್ಮೆಲೇ ಕುಸಿಯುತ್ತದೆ.

ತಳದ ನೀರೆತ್ತುವ ಬಿಲ್ಜ್ ಪಂಪಿಗೆ ಮುಖ್ಯ ಸ್ವಿಚ್ಚು ಆರಿಸಿದರೂ ಕರೆಂಟು ಹೋಗುವಂತೆ, ತನ್ನದೇ ಫ್ಯೂಸಿನೊಂದಿಗೆ ಬ್ಯಾಟರಿಯಿಂದ ನೇರ ತಂತಿ ಇರಬೇಕು. ಲಿಥಿಯಂಗೆ ಬದಲಾದ ಮೇಲೆ ಆ ತಂತಿಯನ್ನು ನಾವು ಸೀಸದ ಬ್ಯಾಟರಿಗೇ ಬಿಟ್ಟಿದ್ದೇವೆ.

ಬಿಸಿಲು, ಗಾಳಿ, ನೀರು

ಸೌರಫಲಕದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಲಂಗರಿನಲ್ಲಿ ನಿಲ್ಲುವ ಯಾವ ದೋಣಿಗೂ ಇದೇ ಮೊದಲ ಆಯ್ಕೆ. ಎಕ್ಸೂಮಾದ ಚಳಿಗಾಲದಲ್ಲಿ, ಅಡ್ಡ ಮಲಗಿಸಿದ 400 ವ್ಯಾಟಿನ ಫಲಕಗಳು ಒಳ್ಳೆಯ ದಿನ 90ರಿಂದ 110 ಆಂಪಿಯರ್-ಅವರ್ ಕೊಡುತ್ತವೆ. ಅದೇ ಫಲಕ ಡಿಸೆಂಬರಿನ ಚೆಸಪೀಕ್‌ನಲ್ಲಿ ಕೊಡುವುದು ಅದರ ಅರ್ಧ. ಗಾಜಿನ ಗಟ್ಟಿ ಫಲಕಕ್ಕೂ ಬಾಗುವ ತೆಳು ಫಲಕಕ್ಕೂ ನಡುವೆ ಆರಿಸುವಾಗ, ಹಿಂಬದಿಯಲ್ಲಿ ಕಮಾನು ಕಟ್ಟಲು ಜಾಗವಿದ್ದರೆ ಗಟ್ಟಿಯದನ್ನೇ ಆರಿಸಿ. ಬಟ್ಟೆಯ ಚಾವಣಿಯ ಮೇಲೆ ಹೊಲಿದು ಹಾಕುವ ತೆಳು ಫಲಕ ಕೆಳಗಿನಿಂದ ಗಾಳಿಯಾಡದೆ ಕಾದು, ಗಾಳಿಗೆ ಬಡಿದು, ಕೆಲವೇ ವರ್ಷಗಳಲ್ಲಿ ಸೊರಗುತ್ತದೆ.

ದೋಣಿಯ ಮೇಲೆ ಸೌರಫಲಕದ ನಿಜವಾದ ಶತ್ರು ನೆರಳು. ಕೂವೆಮರ, ಹಾಯಿಯ ಕೆಳ ಅಂಚನ್ನು ಹಿಡಿಯುವ ಅಡ್ಡದಂಡವಾದ ಬೂಮ್ ಮತ್ತು ಹಗ್ಗಗಳ ನೆರಳು ದಿನವಿಡೀ ಸುತ್ತುತ್ತಿರುತ್ತದೆ, ಮತ್ತು ಒಂದು ಮೂಲೆಯ ನೆರಳು ಇಡೀ ಫಲಕದ ದೊಡ್ಡ ಪಾಲನ್ನು ನುಂಗುತ್ತದೆ. ಎಲ್ಲ ಫಲಕಗಳನ್ನು ಒಂದೇ ಸರಣಿಯಲ್ಲಿ ಕಟ್ಟುವುದಕ್ಕಿಂತ ಪ್ರತಿ ಫಲಕಕ್ಕೂ ಫಲಕದಿಂದ ಗರಿಷ್ಠ ಶಕ್ತಿ ಎಳೆಯುವ ಒಂದು ಸಣ್ಣ ಎಂಪಿಪಿಟಿ ನಿಯಂತ್ರಕ ಹಾಕುವುದನ್ನು ನಾನು ಮೇಲೆಂದು ಕಂಡುಕೊಂಡಿದ್ದೇನೆ. ಒಂದಕ್ಕೆ ನೆರಳಾದರೆ ಉಳಿದವು ಬಾಧಿತವಾಗುವುದಿಲ್ಲ, ಒಂದು ಕೆಟ್ಟರೆ ಉಳಿದವು ನಡೆಯುತ್ತವೆ. ಲಂಗರು ಹಾಕಿದ ಮೇಲೆ ಬೂಮನ್ನು ಹಗ್ಗ ಕಟ್ಟಿ ಪಕ್ಕಕ್ಕೆ ಎಳೆದಿಡುವುದಕ್ಕೆ ಖರ್ಚೇ ಇಲ್ಲ. ನಮ್ಮ ಮಾನಿಟರಿನಲ್ಲಿ ಅದರಿಂದ ಮಧ್ಯಾಹ್ನದ ಹೊತ್ತು 4 ಆಂಪಿಯರ್ ಏರಿದ್ದನ್ನು ನೋಡಿದ್ದೇನೆ.

ಗಾಳಿಯಂತ್ರದ ವಿಚಾರದಲ್ಲಿ ಒಂದೇ ನಿಯಮ ನೆನಪಿದ್ದರೆ ಸಾಕು: ಅದರ ಶಕ್ತಿ ಗಾಳಿಯ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಬಹಾಮಾಸ್‌ನ ಚಳಿಗಾಲದಲ್ಲಿ 15ರಿಂದ 20 ನಾಟ್ (ಗಂಟೆಗೆ ಅಷ್ಟು ನಾವಿಕ ಮೈಲಿ) ಗಾಳಿ ದಿನಗಟ್ಟಲೆ ಬೀಸುವಾಗ, ಬಯಲು ಲಂಗರುದಾಣದಲ್ಲಿ ಅದು ಹಗಲಿರುಳು ದುಡಿಯುತ್ತದೆ, ಮೋಡ ಕವಿದ ದಿನಗಳಲ್ಲೂ ಕೈಬಿಡುವುದಿಲ್ಲ. ಅದೇ 18 ನಾಟ್ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು 6 ನಾಟ್ ವೇಗದಲ್ಲಿ ಸಾಗಿದರೆ ಯಂತ್ರಕ್ಕೆ ತಾಗುವುದು 12 ನಾಟ್ ಮಾತ್ರ. ವೇಗ ಮೂರರಲ್ಲಿ ಎರಡು ಪಾಲಾದರೆ ಶಕ್ತಿ 27ರಲ್ಲಿ 8 ಪಾಲಾಗುತ್ತದೆ, ಅಂದರೆ ಮೂರನೇ ಒಂದಕ್ಕೂ ಕಡಿಮೆ. ಚೆಸಪೀಕ್‌ನ ಬೇಸಿಗೆಯಲ್ಲಿ ಗಾಳಿ ಸತ್ತ ಸಂಜೆಗಳೇ ಹೆಚ್ಚಾದ್ದರಿಂದ ಅಲ್ಲಿ ಅದು ಅಲಂಕಾರ ಮಾತ್ರ. ಸದ್ದು, ಕಂಪನ, ತಿರುಗುವ ರೆಕ್ಕೆಗಳ ಅಪಾಯ ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅದೇ ಹಣದಲ್ಲಿ ಇನ್ನೆರಡು ಸೌರಫಲಕ ಹಾಕಲು ಜಾಗವಿದ್ದವರು ಫಲಕವನ್ನೇ ಹಾಕುವುದು ಒಳ್ಳೆಯದೆನ್ನುತ್ತೇನೆ.

ದೋಣಿ ಸಾಗುವಾಗ ನೀರಿನಲ್ಲಿ ತಿರುಗಿ ವಿದ್ಯುತ್ ಹುಟ್ಟಿಸುವ ಹೈಡ್ರೋಜನರೇಟರ್ ಸಾಗರ ದಾಟುವವರಿಗೆ ಮೀಸಲು. ವಾಟ್ ಅಂಡ್ ಸೀ ಮಾದರಿಯದು 5 ನಾಟ್ ವೇಗದಲ್ಲಿ ಸುಮಾರು 100 ವ್ಯಾಟ್ ಕೊಡುತ್ತದೆ. ಹಗಲಿರುಳು ಸೇರಿ 190 ಆಂಪಿಯರ್-ಅವರ್ ಮೀರಿ ಬರುವ ಈ ವಿದ್ಯುತ್ತು ಆಟೋಪೈಲಟಿನ ಹಸಿವನ್ನು ಪೂರ್ತಿ ತಣಿಸುತ್ತದೆ. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಮೂರು ವಾರ ಸಾಗುವವರಿಗೆ ಇದಕ್ಕಿಂತ ಉತ್ತಮವಾದದ್ದಿಲ್ಲ. ಲಂಗರಿನಲ್ಲಿ ಇದರ ಉತ್ಪಾದನೆ ಸೊನ್ನೆ, ತೇಲುವ ಸರ್ಗಾಸಂ ಪಾಚಿ ಸುತ್ತಿಕೊಂಡರೂ ಸೊನ್ನೆ.

ಇನ್ವರ್ಟರ್ ಮತ್ತು ಅಡುಗೆ

ಗ್ಯಾಸ್ ತೆಗೆದು ಇಂಡಕ್ಷನ್ ಒಲೆಗೆ ಹೋಗುವ ಆಸೆ ಲಿಥಿಯಂ ಬಂದ ಮೇಲೆ ಎಲ್ಲರಿಗೂ ಹುಟ್ಟುತ್ತದೆ. 2,000 ವ್ಯಾಟಿನ ಇನ್ವರ್ಟರ್ ಪೂರ್ತಿ ಹೊರೆಯಲ್ಲಿ 12 ವೋಲ್ಟಿನಿಂದ 185 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಹೆಬ್ಬೆರಳು ಗಾತ್ರದ ತಂತಿ, ಮೀಟರಿಗಿಂತ ಕಡಿಮೆ ದೂರ ಮತ್ತು ಬಿಗಿಯಾದ ಲಗ್‌ಗಳು ಬೇಕು. ಇಬ್ಬರಿಗೆ ದಿನವಿಡೀ ಅನ್ನ, ಸಾರು, ಕಾಫಿ ಎಲ್ಲವನ್ನೂ ಅದರಲ್ಲೇ ಮಾಡಿದರೆ ಒಂದೂವರೆ ಯೂನಿಟ್, ಅಂದರೆ 130 ಆಂಪಿಯರ್-ಅವರ್ ಬೇಕಾಗಿ, ದಿನದ ಖರ್ಚು ಎರಡರಷ್ಟಾಗುತ್ತದೆ. 800 ವ್ಯಾಟಿನ ಫಲಕಗಳಿಗೆ ಜಾಗವಿಲ್ಲದ 36 ಅಡಿಯ ದೋಣಿ ಗ್ಯಾಸನ್ನು ಉಳಿಸಿಕೊಂಡು, ಬ್ಯಾಟರಿ ತುಂಬಿದ ಮಧ್ಯಾಹ್ನಗಳಲ್ಲಿ ಮಾತ್ರ ಕುಕ್ಕರನ್ನು ಇಂಡಕ್ಷನ್ ಮೇಲೆ ಇಡುವುದು ಜಾಣತನ. ಕೆಲಸವಿಲ್ಲದಾಗ ಇನ್ವರ್ಟರನ್ನು ಆರಿಸಿಡಿ. ಸುಮ್ಮನೆ ಚಾಲೂ ಇದ್ದರೂ ಅದು ದಿನಕ್ಕೆ 20 ಆಂಪಿಯರ್-ಅವರ್ ಮೀರಿ ತಿನ್ನಬಲ್ಲದು.

ಯಾರಿಗೆ ಯಾವುದು

ವಾರಾಂತ್ಯದಲ್ಲಿ ಮಾತ್ರ ಹೊರಟು, ಉಳಿದ ದಿನ ದಡದ ಕರೆಂಟಿನಲ್ಲಿ ಇರುವವರು ಲಿಥಿಯಂಗೆ ಹಣ ಹಾಕುವ ಅಗತ್ಯವಿಲ್ಲ. ಎರಡು ಗಾಲ್ಫ್ ಬ್ಯಾಟರಿ, 100 ವ್ಯಾಟಿನ ಒಂದು ಫಲಕ, ಮೂರು ಹಂತದ ಒಳ್ಳೆಯ ಚಾರ್ಜರ್ ಅವರಿಗೆ ವರ್ಷಗಟ್ಟಲೆ ಸಾಕು. ಉಳಿದ ಹಣವನ್ನು ಅವರು ದಡದ ಕರೆಂಟಿನ ಪ್ಲಗ್ಗಿನ ಮೇಲೆ ಹಾಕಲಿ. ಸಡಿಲವಾಗಿ, ಕಪ್ಪಾದ ಪ್ಲಗ್ಗಿನಿಂದ ಹೊತ್ತಿಕೊಂಡ ದೋಣಿಗಳು ಬ್ಯಾಟರಿಯಿಂದ ಹೊತ್ತಿಕೊಂಡವಕ್ಕಿಂತ ಕಡಿಮೆಯೇನಲ್ಲ. ಬಹುಕಾಲ ಕಟ್ಟೆಯಲ್ಲಿರುವ ದೋಣಿಗೆ ಗ್ಯಾಲ್ವಾನಿಕ್ ಐಸೊಲೇಟರ್ ಕೂಡ ಬೇಕು. ಅದಿಲ್ಲದಿದ್ದರೆ ದಡದ ಕರೆಂಟಿನ ಅರ್ಥಿಂಗ್ ತಂತಿಯ ಮೂಲಕ ಪಕ್ಕದ ದೋಣಿಗಳೊಡನೆ ಜೋಡಿಯಾಗಿ, ನೀರಿನಲ್ಲಿರುವ ಲೋಹದ ಭಾಗಗಳನ್ನು ಸವೆತದಿಂದ ಕಾಯುವ ನಿಮ್ಮ ಸತುವಿನ ತುಂಡುಗಳು ಬೇಗ ಕರಗುತ್ತವೆ.

ವರ್ಷಕ್ಕೆ ಎರಡು ಮೂರು ತಿಂಗಳು ಲಂಗರಿನಲ್ಲಿ ಇರುವವರು ಮೊದಲು ಮಾನಿಟರ್ ಮತ್ತು ತಂತಿ, ಆಮೇಲೆ 400 ವ್ಯಾಟಿನ ಫಲಕ, ಅದಾದ ಮೇಲೆ ಬ್ಯಾಟರಿ ಎಂಬ ಕ್ರಮದಲ್ಲಿ ಹೋಗಲಿ. ಫಲಕ ಸೇರಿದ ಮೇಲೆ ಹಳೆಯ ಸೀಸದ ಬ್ಯಾಟರಿಯೇ ದಿನವೂ ತುಂಬುವಂತಾಗಿ, ಇನ್ನೆರಡು ವರ್ಷ ಬಾಳಿದ್ದೂ ಉಂಟು. ಲಿಥಿಯಂ ಹಾಕುವಾಗ ಡಿಸಿ-ಡಿಸಿ ಚಾರ್ಜರ್ ಮತ್ತು ಕ್ಲಾಸ್-ಟಿ ಫ್ಯೂಸಿಗೆ ಹಣ ಸಾಲದಿದ್ದರೆ ಒಂದು ವರ್ಷ ಕಾಯುವುದು ಮೇಲು. ದೋಣಿಯಲ್ಲೇ ವಾಸವಾಗಿ ಸಾಗರ ದಾಟುವವರಿಗೆ ಬೇಕಾಗುವುದು 400 ಆಂಪಿಯರ್-ಅವರ್ ಮೀರಿದ, ಹೊರಗಿನ ಉಪಕರಣಗಳೊಡನೆ ಮಾತನಾಡುವ ಬಿಎಂಎಸ್ ಇರುವ ಲಿಥಿಯಂ, ರೆಗ್ಯುಲೇಟರ್ ಸಮೇತ ದೊಡ್ಡ ಆಲ್ಟರ್ನೇಟರ್, ಮತ್ತು ಬಿಸಿಲಿಗೆ ಜೊತೆಯಾಗಿ ಹೈಡ್ರೋಜನರೇಟರ್.

ಚಳಿಗಾಲಕ್ಕೆ ದೋಣಿಯನ್ನು ಮೇಲೆತ್ತಿ ಇಡುವಾಗ ಎರಡು ಬಗೆಯ ಬ್ಯಾಟರಿಗಳಿಗೂ ತದ್ವಿರುದ್ಧ ಉಪಚಾರ ಬೇಕು. ಸೀಸದ್ದನ್ನು ಪೂರ್ತಿ ತುಂಬಿಸಿಯೇ ಬಿಡಬೇಕು. ತುಂಬಿದ ಬ್ಯಾಟರಿಯ ಆಮ್ಲ ಚೆಸಪೀಕ್‌ನ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಡಬ್ಬಿಯನ್ನೇ ಸೀಳುತ್ತದೆ. ಲಿಥಿಯಂ ಅನ್ನು ಅರ್ಧದಷ್ಟು ಉಳಿಸಿ, ಎಲ್ಲ ತಂತಿ ಕಳಚಿ ಬಿಡಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಒಳಗೆ ಲೋಹದ ಲಿಥಿಯಂ ಪದರ ಕಟ್ಟಿ ಶಾಶ್ವತವಾಗಿ ಕೆಡುತ್ತದೆ, ಆದ್ದರಿಂದ ಹೊದಿಕೆಯ ಸಂದಿಯಿಂದ ಬಿಸಿಲು ಬಿದ್ದ ಸೌರಫಲಕ ಕೂಡ ಜನವರಿಯ ಬೆಳಿಗ್ಗೆ ಅದಕ್ಕೆ ಕರೆಂಟು ಕಳಿಸದಂತೆ ಫಲಕದ ಸ್ವಿಚ್ಚನ್ನೂ ಆರಿಸಿಯೇ ದೋಣಿಯಿಂದ ಇಳಿಯಬೇಕು.